ಒಣಗಿಸಿಟ್ಟ ಹಾಲು

ಯೂಟಾದ ಲೋಗನ್ ಊರಿನ ಅಂಗಡಿಯಲ್ಲಿ ಬಿಲ್ಲಿನ ಸಾಲಿನಲ್ಲಿ ನಿಂತಿದ್ದ ವರ್ಲಾಳಿಗೆ, ಮುಂದಿದ್ದ ಅಕ್ಕತಂಗಿಯರ ಜಗಳ ಕಿವಿಗೆ ಬಿತ್ತು. ಅಕ್ಕನ ಕೈಯಲ್ಲಿ ಗಾಳಿಯಾಡದ ಹೊಸ ಚೀಲಗಳ ಕಟ್ಟಿತ್ತು.

“ಎರಡು ತಿಂಗಳ ಎದೆಹಾಲು ಕಣೇ ಅಕ್ಕ! ಪುಡಿಯೆಲ್ಲ ಗಂಟುಗಟ್ಟಿ ಕಮಟು ಹೊಡೀತಿದೆ.”

“ಮುಟ್ಟಿದ್ರೆ ಒಣಗಿದ ಹಾಗೇ ಇತ್ತು. ಹಾಲು ಹೆಪ್ಪುಗಟ್ಟಿಸಿ ಒಣಗಿಸೋ ಮಷಿನ್ ನಿಲ್ಲಿಸಿಬಿಟ್ಟೆ.”

“ನಿನ್ನ ಪೀಚ್ ಹಣ್ಣು ಒಣಗಿಸೋ ಆತುರಕ್ಕೆ!”

“ತಪ್ಪು ನಂದೇ ಅಂದ್ನಲ್ಲ. ಇನ್ನೆಷ್ಟು ಸಲ ಬೈತೀಯ?”

“ಸೋಮವಾರ ನಂಗೆ ಕ್ಯಾನ್ಸರ್ ಔಷಧಿ ಶುರು. ಆಮೇಲೆ ಮಗೂಗೆ ಹಾಲು ಕೊಡೋ ಹಾಗಿಲ್ಲ ಅಂತ ಗೊತ್ತಿತ್ತು ತಾನೇ?”

ವರ್ಲಾ ತಲೆ ತಗ್ಗಿಸಿದಳು.

“ಇವತ್ತಿನ್ನೂ ಗುರುವಾರ,” ಎಂದಳು ಅಕ್ಕ. “ಬಂದಷ್ಟು ಹಾಲು ಹಿಂಡಿ ಕೊಡು. ಪೂರ್ತಿ ಒಣಗೋವರೆಗೂ ಮಷಿನ್ ಪಕ್ಕದಲ್ಲೇ ಕೂತಿರ್ತೀನಿ.”

“ನಾಲ್ಕು ದಿನದಲ್ಲಿ ಎಷ್ಟು ಬರುತ್ತೆ, ಮಣ್ಣು!”

ಬಿಲ್ಲಾಯಿತು. ತಂಗಿ ಚೀಲಗಳನ್ನು ಅಕ್ಕನ ಕೈಯಿಂದ ಕಸಿದುಕೊಂಡಳು.

“ಬೇಗ ನಡಿ. ಹಾಲು ತುಂಬಿ ಎದೆ ಬಿಗೀತಿದೆ.”

ಇಬ್ಬರೂ ಓಡುವಂತೆ ಹೊರಟುಹೋದರು.