ಮುಟ್ಟಿಸ್ಕೊಂಡ ಬೆಕ್ಕು

ಕಡಬದ ಕೆರೆ ಏರಿ ಇಳಿದ್ರೆ ಒಂದು ಆಲದಮರ. ಅದರ ಬುಡದಲ್ಲಿ ಪಾಳುಬಾವಿ. ನಮ್ ದೊಡ್ಡಮ್ಮನ ಮಗಳು ದಾಕ್ಷಾಯಣಕ್ಕ, ಅವಳ ಗಂಡ ಚನ್ನವೀರಯ್ಯ, ಇಬ್ರೂ ಆ ದಾರೀಲಿ ಮನೆಗೆ ಬರ್ತಿದ್ರು. ಎಪ್ಪತ್ತೆಂಟೋ, ಎಪ್ಪತ್ತೊಂಬತ್ತೋ ಇಸ್ವಿ. ಗುಬ್ಬಿ ಬಸ್ಸು ತಡವಾಗಿ ಕತ್ತಲಾಗೋಗಿತ್ತು. ಬ್ಯಾಟ್ರೀಲಿ ಸೆಲ್ಲು ಸೋತಿತ್ತು. ಭಾವ ಮುಂದೆ, ಅಕ್ಕ ಹಿಂದೆ.

ಬಾವಿ ಕಡೆಯಿಂದ... ಮಿಯಾಂವ್. ಒಂದೇ ಸಲ. ಸಣ್ಣಗೆ.

ಅಕ್ಕ ನಿಂತ್ಲು. "ರೀ... ನಮ್ ಬೆಕ್ಕು ಕಣ್ರೀ!"

ಆ ಬೆಕ್ಕಿನ ವಿಷ್ಯ ಹೇಳ್ಬೇಕು ನಿಮಗೆ. ಅರ್ಧ ಕಾಡು, ಅರ್ಧ ಮನೆ. ಕಿವಿ ಹರಿದಿತ್ತು. ಹಿತ್ಲಲ್ಲಿ ಹುಲ್ಲಿನ ಬಣವೆ ಕೆಳಗೆ ಇರೋದು. ಅಕ್ಕ ಚಿಪ್ಪಲ್ಲಿ ಹಾಲು ಅನ್ನ ಇಟ್ಟು ಒಳಗೆ ಹೋಗ್ಬೇಕು, ಆಮೇಲೇ ಬಾಯಿ ಹಾಕೋದು. ಹತ್ರ ಹೋದ್ರೆ ಹುಸ್ಸ್! ಅದಕ್ಕೆ ವಾರದ ಹಿಂದೆ ಕಾಲಲ್ಲಿ ಗಾಯ ಆಗಿ ಹುಳ ಬಿದ್ದಿದ್ವು. ಅಕ್ಕ ಗೋಣಿಚೀಲ ಹಾಕಿ ಅಮುಕಿ ಹಿಡ್ದು ಅರಿಶಿನ, ಬೇವಿನೆಣ್ಣೆ ಹಚ್ಚಿದ್ಲು. ಮೊಣಕೈವರೆಗೂ ಪರಚಿ ಹಾಕ್ತು. "ಅದು ಮನೆ ಪ್ರಾಣಿ ಅಲ್ಲ ಕಣೇ, ಬುಟ್ಬುಡು" ಅಂದ್ರು ಭಾವ. ಅಕ್ಕ ಬಿಡ್ಲಿಲ್ಲ. ಮಕ್ಕಳಿರ್ಲಿಲ್ಲ ಅವಳಿಗೆ. ಆದ್ರೆ ಆ ಗೋಣಿಚೀಲ ಹಾಕಿದ ದಿನದಿಂದ ಬೆಕ್ಕು ಕಾಣೆ. ಅಕ್ಕ ಊರೆಲ್ಲಾ ಹುಡುಕಿದ್ಲು.

ಈಗ ಅದೇ ಬೆಕ್ಕು ಬಾವಿ ಕಟ್ಟೆ ಇಳಿದು ಬಂತು. ಬಂದು... ಅಕ್ಕನ ಕಾಲಿಗೆ ಮೈ ಉಜ್ತು.

ಎತ್ಕೊಂಡ್ಲು. ಸುಮ್ನೆ ಎತ್ತಿಸ್ಕೊಂತು! ಅಕ್ಕನ ಕಣ್ಣಲ್ಲಿ ನೀರು. ಎಡಗೈಲಿ ತಲೆಯಿಂದ ಬಾಲದವರೆಗೂ ಸವರ್ತಾ ನಡೆದ್ಲು. ಮೈ ತಣ್ಣಗಿತ್ತು. ಗುರ್... ಗುರ್... ಅಂತಿತ್ತು.

ಸ್ವಲ್ಪ ದೂರ ಬಂದ್ಮೇಲೆ ಅಕ್ಕಂಗೆ ಒಂದು ಗೊತ್ತಾಯ್ತು. ಆ ಗುರ್ ಗುರ್ ಅವಳ ಉಸಿರಿನ ಲೆಕ್ಕಕ್ಕೇ ಬರ್ತಿತ್ತು. ಉಸಿರು ಹಿಡಿದ್ಲು... ಅದೂ ನಿಂತೋಯ್ತು. ಬಿಟ್ಲು... ಗುರ್.

ಆದ್ರೂ ಕೆಳಗೆ ಇಳಿಸ್ಲಿಲ್ಲ. ತೂಕ ಬೇರೆ ಏರ್ತಾ ಇತ್ತು. ಕೊಡ ತುಂಬಿದಂಗೆ.

ಮನೆ ಬಾಗ್ಲಿಗೆ ಬಂದ್ರು. ಭಾವ ಜಗಲಿ ಮೇಲಿದ್ದ ಕಂದೀಲು ಹಚ್ಚಿದ್ರು. ಹೊಸ್ತಿಲ ಮೇಲೆ ಒಂದು ಬೆಕ್ಕು. ಹರಿದ ಕಿವಿ. ಕಾಲಲ್ಲಿ ಅರಿಶಿನದ ಕಲೆ. ಬೆನ್ನು ಬಿಲ್ಲಾಗಿ, ರೋಮ ನಿಮಿರಿ... ಹುಸ್ಸ್ಸ್!

ಭಾವ ಪಿಸುಗುಟ್ಟಿದ್ರು. "ದಾಕ್ಷಾಯಣಿ... ಅದನ್ನ ಕೆಳಗೆ ಬುಡೇ."

"ಯಾಕ್ರೀ..."

"ನಮ್ ಬೆಕ್ಕು ಇಲ್ಲೈತೆ."

ಅಕ್ಕ ತಲೆ ಬಗ್ಗಿಸಿ ನೋಡ್ಲಿಲ್ಲ. ಧೈರ್ಯ ಬರ್ಲಿಲ್ಲ. ಬಿಡೋಣ ಅಂದ್ರೆ ಮಡಚಿದ ಕೈ ಬಿಚ್ಚಕ್ಕಾಗ್ತಿಲ್ಲ! "ಆಗ್ತಿಲ್ಲ ರೀ..." ಅಂತ ಅಳಕ್ ಶುರು ಮಾಡಿದ್ಲು. ಅಷ್ಟ್ರಲ್ಲಿ ಹೊಸ್ತಿಲ ಬೆಕ್ಕು ಹಾರ್ತು. ಪರ್ರ್ ಅಂತ ಅಕ್ಕನ ಬಲತೋಳನ್ನೇ ಉದ್ದಕ್ಕೆ ಸೀಳ್ತು. ನೋವಿಗೆ ಕೈ ಬಿಚ್ಕೊಂತು.

ಕೆಳಗೆ ಏನೂ ಬಿದ್ದ ಸದ್ದಾಗ್ಲಿಲ್ಲ... ಗುರ್ ಗುರ್ ಮಾತ್ರ ಅಂಗಳ ದಾಟಿ, ಏರಿ ಕಡೆಗೆ ಸಣ್ಣಗಾಗ್ತಾ ಹೋಯ್ತು.

ಬೆಳಗ್ಗೆ ಅಕ್ಕ ಚಿಪ್ಪಲ್ಲಿ ಹಾಲಿಟ್ಟು ಕೈ ಚಾಚಿದ್ಲು. ಬೆಕ್ಕು ಹುಸ್ಸ್ ಅಂದು ಬಣವೆ ಕೆಳಗೆ ನುಗ್ತು. ಆಗ ಅವಳಿಗೆ ಜೀವ ಬಂದಂಗಾಯ್ತು. ಆ ಬೆಕ್ಕು ಸಾಯೋವರೆಗೂ ಅನ್ನ ಇಟ್ಲು, ಮುಟ್ಟಕ್ಕೆ ಮಾತ್ರ ಹೋಗ್ಲಿಲ್ಲ.

ಸುಳ್ಳು ಅನ್ಬೇಡಿ. ಅಕ್ಕನ ಕೈಯಡುಗೆ ಉಂಡವ್ನು ನಾನು. ಕುದಿಯೋ ಎಸರಿನ ಪಾತ್ರೆನ ಮಸಿಬಟ್ಟೆ ಇಲ್ದೆ, ಬರೀ ಎಡಗೈಲಿ ಹಿಡಿದು ಕೆಳಗಿಡೋಳು. ಬಿಸಿ ಆಗಲ್ವೇನಕ್ಕ ಅಂದ್ರೆ, "ಇಲ್ಲ ಕಣೋ, ಅದನ್ನ ಸವರಿದ ಕೈಗೆ ಏನೂ ಗೊತ್ತಾಗಲ್ಲ" ಅನ್ನೋಳು.