ಎರಡು ವೈರೂ ಒಂದೇ ಕಡೆ

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಟೈಲರ್ ಅಕ್ಕನಿಗೆ ಪಕ್ಕದ ಗಂಡ ಹೆಂಡಿರ ಜಗಳ ಕೇಳುವ ಆಸೆಯೇನೂ ಇರಲಿಲ್ಲ. ಆದರೆ ಬೆಂಚು ಚಿಕ್ಕದು, ಆ ಹೆಂಗಸಿನ ದನಿ ಚಿಕ್ಕದಲ್ಲ. ಅವಳ ಬಲಗೈಗೆ ಒದ್ದೆ ಬಟ್ಟೆ ಸುತ್ತಿತ್ತು. ಗಂಡನ ಜೇಬಿನಿಂದ ಟೆಸ್ಟರ್ ಇಣುಕುತ್ತಿತ್ತು.

“ವಾಷಿಂಗ್ ಮಷಿನ್ ಶಾಕ್ ಹೊಡೀತಿದೆ ಅಂತ ಎಷ್ಟು ಸಲ ಬಡ್ಕೊಂಡೆ?”

“ಮೀಟರ್ ಇಟ್ಟು ನೋಡಿದ್ನಲ್ಲೇ. ಸೊನ್ನೆ ತೋರಿಸ್ತು.”

“ಎಲ್ಲಿಟ್ರಿ?”

“ಮಷಿನ್ ಮೇಲೆ.”

“ಮೀಟರಿನ ಎರಡು ವೈರೂ ಅಲ್ಲೇನಾ?”

“ನಲ್ಲಿ ದೂರ ಇತ್ತು. ಎಟುಕಲಿಲ್ಲ.”

“ಊರವರ ಮನೆ ಕರೆಂಟೆಲ್ಲ ರಿಪೇರಿ ಮಾಡ್ತೀರಿ. ವೋಲ್ಟೇಜ್ ಅಂದ್ರೆ ಎರಡು ಜಾಗದ ನಡುವಿನ ವ್ಯತ್ಯಾಸ ಅಂತ ನನಗೆ ಹೇಳ್ಕೊಟ್ಟೋರೇ ನೀವು. ಒಂದು ವೈರ್ ಮಷಿನ್‌ಗೆ, ಇನ್ನೊಂದು ನಲ್ಲಿಗೆ ಇಟ್ಟಿದ್ರೆ ಆವತ್ತೇ ಗೊತ್ತಾಗ್ತಿತ್ತು. ಈಗ ಒಂದು ಕೈ ಮಷಿನ್ ಮೇಲೆ, ಇನ್ನೊಂದು ನಲ್ಲಿ ಮೇಲೆ ಇಟ್ಟು, ಕರೆಂಟನ್ನ ಇಲ್ಲಿಂದ ಅಲ್ಲಿಗೆ ದಾಟಿಸೋ ಕೆಲಸ ನನ್ನ ಮೈ ಮಾಡ್ಬೇಕಾಯ್ತು.”

“ತಪ್ಪಾಯ್ತು ಅಂದ್ನಲ್ಲ. ಅದಕ್ಕೆ ಅಮ್ಮನ ಮೇಲೆ ಯಾಕೆ ರೇಗಿದೆ?”

“ಶಾಕೂ ಇಲ್ಲ ಏನೂ ಇಲ್ಲ, ಕೆಲಸ ತಪ್ಪಿಸ್ಕೊಳ್ಳೋ ನಾಟಕ ಅಂದ್ರು ನಿಮ್ಮಮ್ಮ.”

“ಹಾಗೆ ಅಂದೇ ಇಲ್ವಂತೆ. ನಾನೇ ವಿಚಾರಿಸಿದೆ.”

“ಯಾರನ್ನ?”

“ಅಮ್ಮನ್ನೇ. ಎರಡು ಸಲ ಕೇಳ್ದೆ.”

ಟೈಲರ್ ಅಕ್ಕ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು. ಅಷ್ಟರಲ್ಲಿ ನರ್ಸ್ ಅವರ ನಂಬರ್ ಕೂಗಿದಳು. ಗಂಡ ಕೈ ಹಿಡಿಯಲು ಬಂದ. ಹೆಂಡತಿ ತಾನೇ ಎದ್ದಳು.

“ನಿಮ್ಮಮ್ಮನ್ನ ವಿಚಾರಿಸುವಾಗ್ಲೂ ಎರಡು ವೈರೂ ಒಂದೇ ಕಡೆ ಇಟ್ಟಿದ್ದೀರಿ. ಸೊನ್ನೆ ಬರದೆ ಇನ್ನೇನು ಬರುತ್ತೆ?” ಎಂದು ಹೇಳಿ ಒಳಗೆ ಹೋದಳು.