ಬಾಗಿಲಾಚೆಯ ಉಸಿರು

ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಿದ್ದ ಅವಳ ಪಕ್ಕದಲ್ಲಿ ಇಬ್ಬರು ಗೆಳೆಯರು ನಿನ್ನೆಯಷ್ಟೇ ಬಿಡುಗಡೆಯಾದ ಶೂಟಿಂಗ್ ಗೇಮ್ ಬಗ್ಗೆ ಮಾತಾಡುತ್ತಿದ್ದರು. ಮೂರು ವರ್ಷ ಕೂತು ಅದರ ಸದ್ದುಗಳನ್ನೆಲ್ಲ ಮಾಡಿದವಳು ಅವಳೇ. ಕಿವಿ ನೆಟ್ಟಗಾಯಿತು.

"ಆ ಖಾಲಿ ಆಸ್ಪತ್ರೆ, ಆ ಮಂಜು... ಕೈಲಿ ಬಂದೂಕಿದ್ರೂ ಎದೆ ಝಲ್ಲಂತು ಕಣೋ."

"ಬಾಗಿಲ ಹಿಂದೆ ಮುದುಕ ಉಸಿರಾಡ್ತಾನಲ್ಲ, ಅಲ್ಲಿಗೆ ಬಂದ್ಯಾ?"

"ಬಂದೆ. ನಗು ತಡ್ಕೊಳ್ಳೋಕಾಗ್ಲಿಲ್ಲ. ಸಾಯೋರು ಯಾರಾದ್ರೂ ಹಾಗೆ ಗೊರಗೊರ ಅಂತಾರಾ? ಬರೀ ನಾಟಕ."

"ನಾನು ಅಲ್ಲಿಂದ ಸೌಂಡ್ ಆಫ್ ಮಾಡಿ, ಹಾಡು ಹಾಕ್ಕೊಂಡು ಆಡ್ದೆ."

ಅದು ಅವಳ ಅಪ್ಪನ ಉಸಿರು. ಕೊನೆಯ ವಾರ, ಅವರನ್ನು ಕೇಳದೆಯೇ, ದಿಂಬಿನ ಪಕ್ಕ ಮೈಕ್ ಇಟ್ಟಿದ್ದಳು. ಅಣ್ಣ ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟಿದ್ದ.

ನರ್ಸ್ ಕರೆದಳು. ಗೆಳೆಯರಿಬ್ಬರೂ ಎದ್ದರು.

"ಕೊನೆಗೆ ಮುದುಕನ್ನ ಏನ್ ಮಾಡ್ದೆ?"

"ಇನ್ನೇನ್ ಮಾಡ್ಲಿ? ಬಾಗಿಲಿಗೇ ಎರಡು ಗುಂಡು ಹೊಡ್ದೆ. ಪೀಡೆ ತೊಲಗ್ತು."